ಎರಡು ಸೊನ್ನೆ ಕೂಡಿದರೆ 74,100

ಬೆಳ್ಳಂದೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ತಿಂಗಳಿಗೆ ಒಂದು ಲಕ್ಷ ರೂಪಾಯಿ ಸಂಬಳದ ಎಂಜಿನಿಯರ್ ಒಬ್ಬರಿದ್ದಾರೆ ಎಂದುಕೊಳ್ಳಿ. 2025ರ ಸೆಪ್ಟೆಂಬರ್ ಕೊನೆಗೆ ಅಲ್ಲಿ ರಾಜೀನಾಮೆ ಕೊಟ್ಟು, ಅಕ್ಟೋಬರ್ 1ಕ್ಕೆ ವೈಟ್‌ಫೀಲ್ಡ್‌ನ ಮತ್ತೊಂದು ಕಂಪನಿಗೆ ಸೇರಿದರು. ಹೊಸ ಸಂಬಳ ತಿಂಗಳಿಗೆ 1.25 ಲಕ್ಷ. ಹಳೆಯ ಕಂಪನಿಯ ಪೇಸ್ಲಿಪ್‌ನಲ್ಲಿ ಆದಾಯ ತೆರಿಗೆಯ ಮುಂದೆ ಸೊನ್ನೆ ಇತ್ತು, ಹೊಸದರಲ್ಲೂ ಸೊನ್ನೆಯೇ. ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲವೆಂದು ಬಜೆಟ್ ದಿನ ಟಿವಿಯಲ್ಲಿ ಕೇಳಿದ್ದವರಿಗೆ ಇದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ. 2026ರ ಜುಲೈನಲ್ಲಿ ರಿಟರ್ನ್ ತುಂಬಲು ಕೂತಾಗ ಪರದೆ ಮೇಲೆ ಬಂದ ಮೊತ್ತ 74,100 ರೂಪಾಯಿ. ಅದರ ಮೇಲೆ ಬಡ್ಡಿ ಬೇರೆ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಯಾರ ಲೆಕ್ಕವೂ ತಪ್ಪಿಲ್ಲ.

ಹಳೆಯ ಕಂಪನಿ ಏಪ್ರಿಲ್‌ನಲ್ಲಿ ಲೆಕ್ಕ ಹಾಕಿದ್ದು ಹೀಗೆ: ತಿಂಗಳಿಗೆ ಒಂದು ಲಕ್ಷ ಅಂದರೆ ವರ್ಷಕ್ಕೆ 12 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11.25 ಲಕ್ಷ. 12 ಲಕ್ಷದೊಳಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಅಕ್ಟೋಬರ್‌ನಲ್ಲಿ ಹೊಸ ಕಂಪನಿಯೂ ತನ್ನ ಪಾಡಿಗೆ ಲೆಕ್ಕ ಹಾಕಿತು: ಮಾರ್ಚ್‌ವರೆಗೆ ಆರು ತಿಂಗಳು, ತಲಾ 1.25 ಲಕ್ಷ, ಒಟ್ಟು ಏಳೂವರೆ ಲಕ್ಷ. 75,000 ಕಳೆದರೆ 6.75 ಲಕ್ಷ. ತೆರಿಗೆ ಸೊನ್ನೆ. ಆದರೆ ಎಂಜಿನಿಯರ್ ಒಬ್ಬರೇ, ವರ್ಷವೂ ಒಂದೇ. ಹಳೆಯದರಿಂದ ಆರು ಲಕ್ಷ, ಹೊಸದರಿಂದ ಏಳೂವರೆ, ಒಟ್ಟು ಹದಿಮೂರೂವರೆ. ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದು ಒಂದೇ ಸಲ, ಕಳೆದರೆ 12.75 ಲಕ್ಷ. 12 ಲಕ್ಷದ ಗೆರೆ ದಾಟಿತು, ರಿಬೇಟ್ ಕೈಬಿಟ್ಟಿತು. ಗೆರೆಯನ್ನು ಸ್ವಲ್ಪವೇ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಎಂಬ ವಿನಾಯಿತಿ ಉಂಟು. ಅದೂ ಸುಮಾರು 12.70 ಲಕ್ಷಕ್ಕೆ ಮುಗಿಯುತ್ತದೆ. ಇನ್ನುಳಿದದ್ದು ಸ್ಲ್ಯಾಬ್ ಲೆಕ್ಕ: ನಾಲ್ಕರಿಂದ ಎಂಟು ಲಕ್ಷದವರೆಗೆ ಶೇ 5ರಂತೆ 20,000, ಎಂಟರಿಂದ ಹನ್ನೆರಡರವರೆಗೆ ಶೇ 10ರಂತೆ 40,000, ಮೇಲಿನ 75,000ಕ್ಕೆ ಶೇ 15ರಂತೆ 11,250. ಒಟ್ಟು 71,250, ಶೇ 4ರ ಸೆಸ್ ಸೇರಿ 74,100.

ಆದಾಯ ತೆರಿಗೆ ಹಾಕುವುದು ಮನುಷ್ಯನ ಮೇಲೆ, ಇಡೀ ವರ್ಷಕ್ಕೆ. ಅದನ್ನು ಹಿಡಿದುಕೊಳ್ಳುವುದು ಕಂಪನಿ, ತಿಂಗಳು ತಿಂಗಳು. ಒಂದೇ ಕಡೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ದುಡಿದವರಿಗೆ ಈ ಎರಡರ ನಡುವೆ ಬಿರುಕಿದೆ ಎಂಬುದೇ ತಿಳಿಯುವುದಿಲ್ಲ. ಕೆಲಸ ಬದಲಾಯಿಸಿದ ವರ್ಷ ಮಾತ್ರ ಅದು ಬಾಯಿ ತೆರೆಯುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಆ ವರ್ಷ ಹಲವರ ಪಾಲಿಗೆ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತದೆ.

ಟಿಡಿಎಸ್ ಎಂದು ಎಲ್ಲರೂ ಕರೆಯುವ ಈ ಕಡಿತಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದ್ದದ್ದು ಸೆಕ್ಷನ್ 192. ಬ್ಯಾಂಕು ಠೇವಣಿಯ ಬಡ್ಡಿಯ ಮೇಲೆ ಕತ್ತರಿಸುವಂತೆ ಇಲ್ಲಿ ಇಷ್ಟೇ ಶೇಕಡಾ ಎಂಬ ನಿಗದಿ ದರವಿಲ್ಲ. ವರ್ಷದ ಒಟ್ಟು ಸಂಬಳವನ್ನು ಕಂಪನಿ ಮೊದಲೇ ಅಂದಾಜು ಮಾಡಬೇಕು, ಅದಕ್ಕೆ ಬೀಳುವ ತೆರಿಗೆ ಕಂಡುಹಿಡಿಯಬೇಕು, ಅದನ್ನು ತಿಂಗಳುಗಳಿಗೆ ಹಂಚಬೇಕು. ಬೋನಸ್ ಬಂದರೆ, ಸಂಬಳ ಏರಿದರೆ, ಉದ್ಯೋಗಿ ಉಳಿತಾಯದ ದಾಖಲೆ ಕೊಡದಿದ್ದರೆ ಮುಂದಿನ ತಿಂಗಳುಗಳಲ್ಲಿ ಹೆಚ್ಚು ಕಡಿಮೆ ಮಾಡಿ ಸರಿತೂಗಿಸಬಹುದು. ಫೆಬ್ರುವರಿ, ಮಾರ್ಚ್ ಸಂಬಳ ಹಲವರಿಗೆ ಅರ್ಧಕ್ಕೆ ಇಳಿದಂತೆ ಕಾಣುವುದು ಈ ಸರಿತೂಗಿಸುವಿಕೆಯಿಂದ.

ಹಾಗಾದರೆ ಹಳೆಯ ಕಂಪನಿಯ ಸಂಬಳ ಹೊಸ ಕಂಪನಿಗೆ ತಿಳಿಯುವುದು ಹೇಗೆ? ಅದಕ್ಕೊಂದು ನಮೂನೆ ಇತ್ತು: ಫಾರಂ 12ಬಿ. ಹಳೆಯ ಕಡೆ ಎಷ್ಟು ಸಂಬಳ ಬಂತು, ಎಷ್ಟು ಪಿಎಫ್ ಹೋಯಿತು, ಎಷ್ಟು ತೆರಿಗೆ ಕಡಿತವಾಯಿತು ಎಂದು ಉದ್ಯೋಗಿ ಬರೆದು ಸಹಿ ಹಾಕಿ ಹೊಸ ಕಂಪನಿಗೆ ಕೊಡುವುದು. ಕಾಯ್ದೆಯ ಪ್ರಕಾರ ಕೊಡುವುದು ಬಿಡುವುದು ಉದ್ಯೋಗಿಯ ಇಷ್ಟ. ಕೊಟ್ಟ ಮೇಲೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವ ಸ್ವಾತಂತ್ರ್ಯ ಕಂಪನಿಗಿಲ್ಲ. ನಮ್ಮ ಎಂಜಿನಿಯರ್ ಅಕ್ಟೋಬರ್‌ನಲ್ಲೇ ಈ ಹಾಳೆ ಕೊಟ್ಟಿದ್ದರೆ ಅದೇ 74,100 ಆರು ಭಾಗವಾಗಿ ತಿಂಗಳಿಗೆ 12,350ರಂತೆ ಹೋಗುತ್ತಿತ್ತು. ಮೊದಲ ಸಂಬಳ ನೋಡಿ ಮುಖ ಸಪ್ಪಗಾಗುತ್ತಿತ್ತು, ನಿಜ. ಜುಲೈ ಮಾತ್ರ ನೆಮ್ಮದಿಯಿಂದ ಕಳೆಯುತ್ತಿತ್ತು.

ಸೇರುವ ದಿನ ಎಚ್‌ಆರ್ ಮುಂದಿಡುವ ಹತ್ತಾರು ಕಾಗದಗಳ ನಡುವೆ ಇದು ಕಳೆದುಹೋಗುವುದೇ ಹೆಚ್ಚು. ಪಿಎಫ್ ನಾಮನಿರ್ದೇಶನ, ಆರೋಗ್ಯ ವಿಮೆ, ಲ್ಯಾಪ್‌ಟಾಪ್ ರಸೀದಿಗೆ ಸಹಿ ಹಾಕಿದವರು 'ಹಿಂದಿನ ಉದ್ಯೋಗದ ಆದಾಯ' ಎಂಬ ಪುಟವನ್ನು ಆಮೇಲೆ ತುಂಬಿದರಾಯಿತು ಎಂದು ಬಿಟ್ಟಿರುತ್ತಾರೆ. ಇನ್ನು ಕೆಲವರು ಬೇಕೆಂದೇ ಕೊಡುವುದಿಲ್ಲ. ಸಂದರ್ಶನದಲ್ಲಿ ಹೇಳಿದ ಹಳೆಯ ಸಂಬಳಕ್ಕೂ ನಿಜಕ್ಕೂ ಸ್ವಲ್ಪ ಅಂತರವಿದ್ದರೆ ಅದು ಈ ಹಾಳೆಯಲ್ಲಿ ಬಯಲಾಗುತ್ತದಲ್ಲ! ಮೂರನೆಯ ಕಾರಣ ಇನ್ನೂ ಸರಳ: ಮೊದಲ ಐದಾರು ತಿಂಗಳು ಕೈಗೆ ಹೆಚ್ಚು ದುಡ್ಡು ಬರುತ್ತದೆ. ಹೊಸ ಮನೆಯ ಅಡ್ವಾನ್ಸ್ ಕಟ್ಟಬೇಕಾದವರಿಗೆ ಅದು ಸಣ್ಣ ಆಸೆಯೇನಲ್ಲ.

ಆ ಆಸೆಗೆ ಬೆಲೆಯೂ ಇದೆ. ಟಿಡಿಎಸ್ ಕಳೆದ ಮೇಲೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಉಳಿಯುವವರು ಮುಂಗಡ ತೆರಿಗೆ ಕಟ್ಟಬೇಕು. ಕಂತುಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ಕ್ಕೆ. ಸಂಬಳದವರಿಗೂ ಈ ನಿಯಮ ಅನ್ವಯವಾಗುತ್ತದೆ ಎಂಬುದು ಬಹುತೇಕರಿಗೆ ಹೊಳೆಯುವುದೇ ಇಲ್ಲ. ನಮ್ಮ ಎಂಜಿನಿಯರ್ ಹಾಗೆ ಕಟ್ಟದೆ ಜುಲೈವರೆಗೆ ಬಿಟ್ಟರೆ 1961ರ ಕಾಯ್ದೆಯ ಸೆಕ್ಷನ್ 234ಬಿ ಅಡಿ ತಿಂಗಳಿಗೆ ಶೇ 1ರಂತೆ ನಾಲ್ಕು ತಿಂಗಳಿಗೆ 2,964 ರೂಪಾಯಿ; ಕಂತು ತಪ್ಪಿದ್ದಕ್ಕೆ 234ಸಿ ಅಡಿ ಸುಮಾರು 3,700. ಹತ್ತಿರ ಹತ್ತಿರ 6,700 ರೂಪಾಯಿ ಬಡ್ಡಿ. ಜೂನ್‌ನಲ್ಲಿ ಕೆಲಸ ಬದಲಾಯಿಸುವ ಯೋಚನೆಯೇ ಇರದವರಿಗೆ ಜೂನ್ ಕಂತಿನ ಬಡ್ಡಿ ಹಾಕುವುದು ನ್ಯಾಯವೇ ಎಂದು ಕೇಳಬಹುದು. ಕಂತು ತಪ್ಪಿದ್ದಕ್ಕೆ ಬಡ್ಡಿ ಹಾಕದ ರಿಯಾಯಿತಿ ಲಾಟರಿ ಗೆದ್ದವರಿಗೂ ಷೇರು ಮಾರಿ ಲಾಭ ಮಾಡಿದವರಿಗೂ ಇದೆ. ಸಂಬಳ ಏರಿದವರಿಗೆ ಇಲ್ಲ.

ಇದೇ ಬಿರುಕನ್ನು ಬ್ರಿಟಿಷರು ಎಂಬತ್ತು ವರ್ಷಗಳ ಹಿಂದೆ ಬೇರೆ ರೀತಿಯಲ್ಲಿ ಮುಚ್ಚಿದರು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಆದಾಯ ತೆರಿಗೆ ಕಟ್ಟುವವರ ಸಂಖ್ಯೆ ಸುಮಾರು ಮೂರು ಪಟ್ಟಾಯಿತು. ಕಾರ್ಖಾನೆ ಕೂಲಿಗಾರರು ಮೊದಲ ಸಲ ತೆರಿಗೆದಾರರಾದರು. ವಾರದ ಕೂಲಿಯಿಂದಲೇ ತೆರಿಗೆ ಹಿಡಿಯುವ 'ಪೇ ಆ್ಯಸ್ ಯು ಅರ್ನ್' ವ್ಯವಸ್ಥೆ 1944ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದನ್ನು ಪಾರ್ಲಿಮೆಂಟಿನಲ್ಲಿ ಘೋಷಿಸಬೇಕಿದ್ದ ಹಣಕಾಸು ಸಚಿವ ಕಿಂಗ್ಸ್‌ಲಿ ವುಡ್ 1943ರ ಸೆಪ್ಟೆಂಬರ್ 21ರಂದು, ಘೋಷಣೆಯ ದಿನವೇ ತೀರಿಕೊಂಡರು. ವ್ಯವಸ್ಥೆ ರೂಪಿಸಿದವರಲ್ಲಿ ಪ್ರಮುಖರಾದ ಪಾಲ್ ಚೇಂಬರ್ಸ್ ಅದಕ್ಕೂ ಮುನ್ನ ಭಾರತ ಸರ್ಕಾರದ ಆದಾಯ ತೆರಿಗೆ ಸಲಹೆಗಾರರಾಗಿದ್ದವರು. ಸಂಬಳದ ಮೂಲದಲ್ಲೇ ತೆರಿಗೆ ಹಿಡಿಯುವುದು ಇಲ್ಲಿ 1922ರ ಕಾಯ್ದೆಯ 18ನೇ ಸೆಕ್ಷನ್‌ನಲ್ಲೇ ಇತ್ತು. ಚೇಂಬರ್ಸ್ ಅದನ್ನು ಇಲ್ಲಿಂದ ಕಲಿತು ಹೋದರು ಎನ್ನುವುದು ಅತಿ ಉತ್ಸಾಹವಾದೀತು. ಆದರೆ ಬ್ರಿಟಿಷ್ ವ್ಯವಸ್ಥೆಯಲ್ಲಿ ಒಂದು ಜಾಣ್ಮೆಯಿದೆ. ಕೆಲಸ ಬಿಡುವಾಗ ಹಳೆಯ ಮಾಲೀಕ ಪಿ45 ಎಂಬ ಚೀಟಿ ಕೊಡಲೇಬೇಕು. ಈ ವರ್ಷ ಇಲ್ಲಿಯವರೆಗೆ ಇಷ್ಟು ದುಡಿದಿದ್ದಾನೆ, ಇಷ್ಟು ತೆರಿಗೆ ಹೋಗಿದೆ ಎಂಬ ವಿವರ ಅದರಲ್ಲಿರುತ್ತದೆ. ಹೊಸ ಮಾಲೀಕ ಅಲ್ಲಿಂದಲೇ ಲೆಕ್ಕ ಮುಂದುವರಿಸುತ್ತಾನೆ. ಕೆಲಸ ಬಿಡುವಾಗಲೇ ಕೈಗೆ ಬರಬೇಕಾದ ಚೀಟಿಯದು. ನಮ್ಮಲ್ಲಿ ಸೆಪ್ಟೆಂಬರ್‌ನಲ್ಲಿ ಕೆಲಸ ಬಿಟ್ಟವರಿಗೆ ಫಾರಂ 16 ಎನ್ನುತ್ತಿದ್ದ ಸಂಬಳ, ತೆರಿಗೆ ಕಡಿತದ ಪ್ರಮಾಣಪತ್ರ ಬರುವುದು ಮುಂದಿನ ಜೂನ್ 15ರ ಸುಮಾರಿಗೆ.

ಅಮೆರಿಕದ್ದು ಮೂರನೆಯ ದಾರಿ. ಅಲ್ಲೂ ಯುದ್ಧಕಾಲದಲ್ಲೇ, 1943ರ ಜುಲೈನಿಂದ, ಸಂಬಳದಿಂದ ತೆರಿಗೆ ಹಿಡಿಯುವುದು ಶುರುವಾಯಿತು. ಆ ಯೋಜನೆಗಾಗಿ ಖಜಾನೆ ಇಲಾಖೆಯಲ್ಲಿ ಕೆಲಸ ಮಾಡಿದ ಯುವಕರಲ್ಲಿ ಒಬ್ಬರು ಮಿಲ್ಟನ್ ಫ್ರೀಡ್‌ಮನ್. ಸರ್ಕಾರ ಚಿಕ್ಕದಾಗಿರಬೇಕೆಂದು ಜೀವನವಿಡೀ ವಾದಿಸಿದ ಅರ್ಥಶಾಸ್ತ್ರಜ್ಞ, ಸರ್ಕಾರ ಬೆಳೆಯಲು ಅಷ್ಟು ಸುಲಭದ ದಾರಿ ಮಾಡಿಕೊಟ್ಟದ್ದಕ್ಕೆ ಆಮೇಲೆ ಪರಿತಪಿಸಿದರು. ಇಂದು ಬೆಂಗಳೂರಿನಿಂದ ಸಾನ್ ಹೋಸೆಗೋ ಡಲಾಸ್‌ಗೋ ಹೋಗಿ ಕೆಲಸಕ್ಕೆ ಸೇರಿದವರು ಮೊದಲ ದಿನವೇ ತುಂಬುವ ಡಬ್ಲ್ಯು-4 ನಮೂನೆ ಆ ವ್ಯವಸ್ಥೆಯ ಕುಡಿ. ಅಲ್ಲಿನ ಪೇರೋಲ್ ಸಾಮಾನ್ಯವಾಗಿ ಪ್ರತಿ ಸಂಬಳವನ್ನೂ ವರ್ಷಪೂರ್ತಿ ಅಷ್ಟೇ ಬರುತ್ತದೆ ಎಂದುಕೊಂಡು ಲೆಕ್ಕ ಹಾಕುತ್ತದೆ. ಹಾಗಾಗಿ ವರ್ಷದ ಮಧ್ಯೆ ಮೊದಲ ಕೆಲಸಕ್ಕೆ ಸೇರಿದವರಿಂದ ಹೆಚ್ಚೇ ಹಿಡಿಯುತ್ತದೆ, ಮರುವರ್ಷ ತೆರಿಗೆ ಇಲಾಖೆ ಅದನ್ನು ರೀಫಂಡ್ ಕೊಡುತ್ತದೆ. ತೊಂದರೆ ಬರುವುದು ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ. ಜಂಟಿಯಾಗಿ ರಿಟರ್ನ್ ತುಂಬುವ ದಂಪತಿಗೆ ಸಿಗುವ ವಿನಾಯಿತಿಯನ್ನು ಇಬ್ಬರ ಕಂಪನಿಗಳೂ ಪೂರ್ತಿ ಕೊಟ್ಟುಬಿಡುತ್ತವೆ. ಅದನ್ನು ತಡೆಯಲೆಂದೇ 2020ರಲ್ಲಿ ಹೊಸದಾಗಿ ರೂಪಿಸಿದ ಡಬ್ಲ್ಯು-4ರ ಎರಡನೇ ಹಂತದಲ್ಲಿ, ಇಬ್ಬರೂ ದುಡಿಯುತ್ತಿದ್ದರೆ ಗುರುತು ಹಾಕಲು ಒಂದು ಚೌಕವಿದೆ. ಅದನ್ನು ಖಾಲಿ ಬಿಟ್ಟವರು ರಿಟರ್ನ್ ತುಂಬುವ ಏಪ್ರಿಲ್, ಬೆಳ್ಳಂದೂರಿನ ಎಂಜಿನಿಯರ್‌ರ ಜುಲೈನಂತೆಯೇ ಇರುತ್ತದೆ.

ನಮ್ಮಲ್ಲಿ ಕಾಲೇಜು ಮುಗಿಸಿ ಮೊದಲ ಕೆಲಸಕ್ಕೆ ಸೇರಿದವರ ಕಥೆ ಆ ಎಂಜಿನಿಯರ್ ಕಥೆಗೆ ತಿರುಗುಮುರುಗು. ಜುಲೈನಲ್ಲಿ ತಿಂಗಳಿಗೆ 1.2 ಲಕ್ಷಕ್ಕೆ ಸೇರಿದ ಹುಡುಗನಿಗೆ ಮಾರ್ಚ್‌ವರೆಗೆ ಬರುವುದು ಒಂಬತ್ತು ತಿಂಗಳ 10.8 ಲಕ್ಷ. ತೆರಿಗೆ ಸೊನ್ನೆ. ಮುಂದಿನ ಏಪ್ರಿಲ್‌ನಿಂದ ಅದೇ ಸಂಬಳ ಹನ್ನೆರಡು ತಿಂಗಳಿಗೆ 14.4 ಲಕ್ಷವಾಗುತ್ತದೆ. ಅದೇ ದರಗಳ ಪ್ರಕಾರ ವರ್ಷಕ್ಕೆ 88,140 ರೂಪಾಯಿ, ಅಂದರೆ ತಿಂಗಳಿಗೆ 7,345. ಸಂಬಳ ಒಂದು ರೂಪಾಯಿಯೂ ಬದಲಾಗಿಲ್ಲ, ಕೈಗೆ ಬರುವುದು ಮಾತ್ರ ಕಡಿಮೆಯಾಗಿದೆ. 'ಕಂಪನಿಯವರು ಸಂಬಳ ಕಡಿಮೆ ಮಾಡಿದ್ರು' ಎಂದು ಊರಿಗೆ ಫೋನ್ ಮಾಡುವ ಮುನ್ನ ಪೇಸ್ಲಿಪ್‌ನ ಬಲಬದಿ ನೋಡುವುದು ಒಳ್ಳೆಯದು.

ಪೇಸ್ಲಿಪ್‌ನಲ್ಲಿ ಟಿಡಿಎಸ್ ಪಕ್ಕದಲ್ಲೇ ಪಿಟಿ ಎಂಬ 200 ರೂಪಾಯಿಯ ಸಾಲೂ ಇರುತ್ತದೆ. ಅದು ಕೇಂದ್ರದ್ದಲ್ಲ, ಕರ್ನಾಟಕ ಸರ್ಕಾರದ ವೃತ್ತಿ ತೆರಿಗೆ. ತಿಂಗಳಿಗೆ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಇರುವವರಿಗೆ ಮಾತ್ರ. ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರಬಾರದೆಂದು ಸಂವಿಧಾನದ 276ನೇ ವಿಧಿ ಹೇಳುತ್ತದೆ. 200ರಂತೆ ಹನ್ನೆರಡು ತಿಂಗಳಿಗೆ 2,400 ಆಗುತ್ತಿತ್ತು. ನೂರು ರೂಪಾಯಿ ಬಾಕಿ ಉಳಿಯುತ್ತಿತ್ತು. 2025ರಲ್ಲಿ ರಾಜ್ಯ ಸರ್ಕಾರ ಫೆಬ್ರುವರಿ ತಿಂಗಳ ಕಡಿತವನ್ನು 300 ಮಾಡಿ ಆ ನೂರನ್ನೂ ತೆಗೆದುಕೊಂಡಿತು. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮೊತ್ತಕ್ಕೆ ವಿನಾಯಿತಿಯೂ ಇಲ್ಲ.

ಯಾವ ಪದ್ಧತಿ ಎಂದು ಹೊಸ ಕಂಪನಿಗೆ ಹೇಳದಿದ್ದರೆ ಹೊಸದೇ ಲೆಕ್ಕ. 2023-24ರಿಂದ ಅದು ತಾನಾಗಿ ಅನ್ವಯವಾಗುವ ಪದ್ಧತಿ. ಹಳೆಯ ಕಂಪನಿಯಲ್ಲಿ ಹಳೆಯ ಪದ್ಧತಿ ಆರಿಸಿ, ಮನೆ ಬಾಡಿಗೆ ರಸೀದಿ, ಎಲ್‌ಐಸಿ ಕಂತು ಎಲ್ಲ ಕೊಟ್ಟಿದ್ದವರ ಆಯ್ಕೆ ಅವರ ಜೊತೆ ಬರುವುದಿಲ್ಲ. ಇದಕ್ಕೆ ಗಾಬರಿ ಬೇಡ. ವ್ಯಾಪಾರದ ಆದಾಯ ಇಲ್ಲದ ಸಂಬಳದಾರರು ಗಡುವಿನೊಳಗೆ ರಿಟರ್ನ್ ತುಂಬುವಾಗ ಯಾವುದು ಲಾಭವೋ ಅದನ್ನು ಆರಿಸಿಕೊಳ್ಳಬಹುದು. ಕಂಪನಿಗೆ ಹೇಳಿದ್ದು ಟಿಡಿಎಸ್‌ಗಷ್ಟೇ ಲಾಗು.

ಪಿಎಫ್ ವಿಷಯದಲ್ಲಿ ಮಾತ್ರ ಅಷ್ಟು ಸಲೀಸಲ್ಲ. ಕೆಲಸ ಬಿಟ್ಟ ಖುಷಿಯಲ್ಲಿ ಪಿಎಫ್ ದುಡ್ಡು ತೆಗೆದುಬಿಡುವವರಿದ್ದಾರೆ. ಐದು ವರ್ಷದ ಸೇವೆ ತುಂಬುವ ಮೊದಲೇ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ತೆಗೆದರೆ ಶೇ 10ರಷ್ಟು ಟಿಡಿಎಸ್ ಅಲ್ಲೇ ಕಟ್ ಆಗುತ್ತದೆ. ಹೊಸ ಖಾತೆಗೆ ವರ್ಗಾಯಿಸಿದರೆ ಹಳೆಯ ಕಂಪನಿಯ ವರ್ಷಗಳೂ ಆ ಐದರಲ್ಲಿ ಸೇರುತ್ತವೆ.

ಕಡಿತವಾದ ದುಡ್ಡು ಸರ್ಕಾರಕ್ಕೆ ಸೇರಿತೇ ಎಂಬುದು ಬೇರೆಯೇ ಪ್ರಶ್ನೆ. ಕಂಪನಿ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಮಾರ್ಚ್ ತಿಂಗಳದ್ದನ್ನು ಏಪ್ರಿಲ್ 30ರೊಳಗೆ. ಮೂರು ತಿಂಗಳಿಗೊಮ್ಮೆ ಯಾರಿಂದ ಎಷ್ಟು ಎಂಬ ಪಟ್ಟಿಯನ್ನೂ ಕೊಡಬೇಕು. ಆಗಲೇ ಅದು 26ಎಎಸ್ ಎನ್ನುತ್ತಿದ್ದ ಉದ್ಯೋಗಿಯ ತೆರಿಗೆ ದಾಖಲೆಯಲ್ಲಿ ಕಾಣುವುದು. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿ ಇದ್ದ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಸಿಬ್ಬಂದಿಯ ಸಂಬಳದಿಂದ ಹಿಡಿದ ತೆರಿಗೆಯನ್ನೂ ಅದು ಸರ್ಕಾರಕ್ಕೆ ಕಟ್ಟದೆ ಉಳಿಸಿಕೊಂಡಿತ್ತು. ಇಂಥ ಸಂದರ್ಭದಲ್ಲಿ ಸಂಬಳದಿಂದ ಆಗಲೇ ಕಡಿತವಾದ ತೆರಿಗೆಯನ್ನು ಉದ್ಯೋಗಿಯಿಂದ ಮತ್ತೆ ವಸೂಲು ಮಾಡುವಂತಿಲ್ಲ ಎಂದು 1961ರ ಕಾಯ್ದೆಯ ಸೆಕ್ಷನ್ 205 ಹೇಳುತ್ತಿತ್ತು. ಹೇಳುವುದು ಸುಲಭ. ಆ ತೆರಿಗೆ ದಾಖಲೆಯಲ್ಲಿ ಇಲ್ಲದ ಕಡಿತವನ್ನು ಕಂಪ್ಯೂಟರ್ ಒಪ್ಪುವುದಿಲ್ಲ, ಬಾಕಿ ಎಂದು ನೋಟಿಸ್ ಬರುತ್ತದೆ. ಆಗ ತೆರಿಗೆ ಹಿಡಿದಿದ್ದಕ್ಕೆ ಉದ್ಯೋಗಿಯ ಬಳಿ ಇರುವ ಪುರಾವೆ ಪೇಸ್ಲಿಪ್ ಮತ್ತು ಬ್ಯಾಂಕ್ ಪಾಸ್‌ಬುಕ್ ಮಾತ್ರ.

ಆ ಕಂಪ್ಯೂಟರ್ ಇರುವುದೂ ಬೆಂಗಳೂರಿನಲ್ಲೇ. ಇಡೀ ದೇಶದ ಆದಾಯ ತೆರಿಗೆ ರಿಟರ್ನ್‌ಗಳ ಸಂಸ್ಕರಣೆ ನಡೆಸುವ ಕೇಂದ್ರೀಕೃತ ಘಟಕ 2009ರಿಂದ ಇಲ್ಲಿ ಕೆಲಸ ಮಾಡುತ್ತಿದೆ. ಎಲೆಕ್ಟ್ರಾನಿಕ್ ಸಿಟಿಯ ಅಂಚೆ ಚೀಲದ ವಿಳಾಸ ದೇಶದ ತೆರಿಗೆದಾರರಿಗೆಲ್ಲ ಬಾಯಿಪಾಠವಾಗಿತ್ತು. ಬೆಳ್ಳಂದೂರಿನ ಸಂಬಳವೂ ವೈಟ್‌ಫೀಲ್ಡ್‌ನ ಸಂಬಳವೂ ಒಂದೇ ಪ್ಯಾನ್ ಸಂಖ್ಯೆಯ ಕೆಳಗೆ ಇಲಾಖೆಯ ದಾಖಲೆಯಲ್ಲಿ ಅಕ್ಕಪಕ್ಕ ಬಂದು ಕೂರುತ್ತವೆ. ಎರಡನ್ನೂ ಕೂಡಿಸಿ ನೋಡಬಲ್ಲ ಇಲಾಖೆ ಇದ್ದೂ, ಅದನ್ನು ಕೂಡಿಸುವ ಹೊಣೆಯನ್ನು ಮಾತ್ರ ಇನ್ನೂ ಉದ್ಯೋಗಿಯ ತಲೆಗೇ ಕಟ್ಟಲಾಗಿದೆ. ಪಿ45ರಂಥ ಚೀಟಿ ಪ್ಯಾನ್ ಜೊತೆ ತಾನಾಗಿ ಹೋಗುವಂತೆ ಮಾಡುವುದು ಇಷ್ಟು ಸಾಫ್ಟ್‌ವೇರ್ ಇರುವ ದೇಶದಲ್ಲಿ ದೊಡ್ಡ ಕೆಲಸವೇನಲ್ಲ.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ. ಸಂಬಳದ ಟಿಡಿಎಸ್ 192ರಿಂದ 392ನೇ ಸೆಕ್ಷನ್‌ಗೆ ಹೋಗಿದೆ, ಹಿಂದಿನ ವರ್ಷ, ಕರ ನಿರ್ಧಾರಣೆ ವರ್ಷ ಎಂಬ ಎರಡರ ಗೊಂದಲ ಹೋಗಿ 'ತೆರಿಗೆ ವರ್ಷ' ಎಂಬ ಒಂದೇ ಹೆಸರು ಉಳಿದಿದೆ. ಹಳೆಯ ಕಂಪನಿಯ ಲೆಕ್ಕವನ್ನು ಹೊಸದಕ್ಕೆ ಉದ್ಯೋಗಿಯೇ ಒಪ್ಪಿಸಬೇಕಾದ ಏರ್ಪಾಡು ಬದಲಾಗಿಲ್ಲ.

ಒಪ್ಪಿಸಲು ಕೈಯಲ್ಲಿ ಲೆಕ್ಕ ಇರಬೇಕಷ್ಟೆ. ಬಹಳಷ್ಟು ಕಂಪನಿಗಳಲ್ಲಿ ಕೊನೆಯ ದಿನ ಸಂಜೆ ಲ್ಯಾಪ್‌ಟಾಪ್ ಒಪ್ಪಿಸಿದೊಡನೆ ಪೇರೋಲ್ ಪೋರ್ಟಲ್‌ನ ಲಾಗಿನ್ ಕೂಡ ನಿಂತುಹೋಗುತ್ತದೆ. ಫುಲ್ ಅಂಡ್ ಫೈನಲ್ ಲೆಕ್ಕ ಬರುವುದು ವಾರಗಳ ಮೇಲೆ. ಅದರಲ್ಲಿ ರಜೆ ನಗದೀಕರಣ ಸೇರಿದ್ದರೆ ಸಂಬಳದ ಮೊತ್ತ ಮತ್ತೆ ಬದಲಾಗಿರುತ್ತದೆ, ಹೊಸ ಕಂಪನಿಗೆ ಕೊಟ್ಟ ಹಾಳೆಯನ್ನು ತಿದ್ದಿ ಕೊಡಬೇಕಾಗುತ್ತದೆ. ಹಾಗಾಗಿ ಏಪ್ರಿಲ್‌ನಿಂದ ಈಚಿನ ಪೇಸ್ಲಿಪ್‌ಗಳನ್ನೂ ತೆರಿಗೆ ಲೆಕ್ಕದ ಪುಟವನ್ನೂ ಸ್ವಂತ ಇ-ಮೇಲ್‌ಗೆ ಹಾಕಿಕೊಳ್ಳಲು ಒಳ್ಳೆಯ ದಿನ ಬೀಳ್ಕೊಡುಗೆ ಕೇಕ್ ಕತ್ತರಿಸುವುದರ ಹಿಂದಿನ ದಿನ.